ದೇವರ ಹೆಸರಿಲ್ಲದ ಮದುವೆ

ದೇವರ ಭಯವೇ ಇಲ್ಲದವನು ನೆಟ್ಟಗೆ ಬಾಳುವುದಕ್ಕೆ ಸಾಧ್ಯವೇ? ಈ ಪ್ರಶ್ನೆಗೆ ಆಂಧ್ರದ ಗೋಪರಾಜು ರಾಮಚಂದ್ರ ರಾವ್ ತಮ್ಮ ಸಂಸಾರವನ್ನೇ ಉತ್ತರವಾಗಿ ಮುಂದಿಟ್ಟರು. ಜನರ ಬಾಯಲ್ಲಿ ಅವರು ‘ಗೋರಾ’. ಹುಟ್ಟಿದ್ದು 1902ರಲ್ಲಿ, ಸಂಪ್ರದಾಯಸ್ಥ ಬ್ರಾಹ್ಮಣರ ಮನೆಯಲ್ಲಿ. ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವರು ನಾಸ್ತಿಕತೆಯನ್ನು ಮುಚ್ಚುಮರೆಯಿಲ್ಲದೆ ಸಾರಿ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು; 1947ರಲ್ಲಿ ಅದು ವಿಜಯವಾಡಕ್ಕೆ ಬಂತು.

ಬಸುರಿ ಹೆಂಗಸು ಗ್ರಹಣ ನೋಡಬಾರದೆಂಬ ನಂಬಿಕೆಯಿದ್ದ ಕಾಲದಲ್ಲಿ ಅವರ ಪತ್ನಿ ಸರಸ್ವತಿ ಬಸುರಿಯಾಗಿದ್ದಾಗಲೇ ಹೊರಗೆ ಬಂದು ಗ್ರಹಣ ನೋಡಿದರು. ಗಂಡನ ಮಾತುಗಳಿಗಿಂತ ಇದು ದೊಡ್ಡ ಧೈರ್ಯ.

1944ರಲ್ಲಿ ಗೋರಾ ಸೇವಾಗ್ರಾಮಕ್ಕೆ ಹೋದರು. ಎದುರಿಗಿದ್ದವರು ರಾಮನಾಮವನ್ನೇ ಉಸಿರಾಡುತ್ತಿದ್ದ ಗಾಂಧೀಜಿ. ಬಂಗಾಳದ ಕ್ಷಾಮದಲ್ಲಿ ಜನ ಕಲ್ಕತ್ತೆಯ ತಿಂಡಿ ಅಂಗಡಿಗಳ ಮುಂದೆಯೇ ಹಸಿದು ಸತ್ತದ್ದನ್ನು ಗೋರಾ ಗಾಂಧೀಜಿಗೆ ಹೇಳಿದರು. ಎಲ್ಲ ಹಣೆಬರಹ ಎಂದು ನಂಬಿದ ಕೈ ಅನ್ನಕ್ಕೆ ಚಾಚಲಿಲ್ಲ ಎಂಬುದು ಅವರ ವಾದ. ಆ ಸಾವುಗಳಿಗೆ ನಂಬಿಕೆಯೊಂದೇ ಕಾರಣವಲ್ಲ, ನಿಜ; ಆದರೆ ಅವರ ಸಂಕಟದ ಮೂಲ ದೇವರ ಮೇಲಿನ ಜಗಳವಲ್ಲ, ಸತ್ತವರ ಮೇಲಿನ ಕರುಣೆ ಎನ್ನುವುದು ಇಲ್ಲಿ ಸ್ಪಷ್ಟ. ಗೋರಾ ಅವರ ವಾದವನ್ನು ಗಾಂಧೀಜಿ ಒಪ್ಪಲಿಲ್ಲ. ಆದರೂ ಅಸ್ಪೃಶ್ಯತೆಯ ವಿರುದ್ಧದ ಕೆಲಸದಲ್ಲಿ ಇಬ್ಬರೂ ಹತ್ತಿರವಾದರು.

ಗೋರಾ ತಮ್ಮ ಹಿರಿಯ ಮಗಳು ಮನೋರಮಾಳನ್ನು ಅರ್ಜುನ ರಾವ್ ಎಂಬ ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಆ ಮದುವೆ ಸೇವಾಗ್ರಾಮದಲ್ಲೇ ಆಗಲೆಂದು ಗಾಂಧೀಜಿ ಬಯಸಿದರು. ನಾಸ್ತಿಕರು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡುವುದು ಹೇಗೆ? ಅಲ್ಲಿ ‘ಸತ್ಯ’ದ ಹೆಸರು ಬರಲಿ ಎಂದು ಗಾಂಧೀಜಿ ಒಪ್ಪಿಕೊಂಡರು. ಮದುವೆ ನಡೆದದ್ದು 1948ರ ಮಾರ್ಚ್‌ನಲ್ಲಿ. ಹರಸಬೇಕಿದ್ದ ಹಿರಿಯರು ಆ ವೇಳೆಗೆ ಹತರಾಗಿದ್ದರು. ತನ್ನ ದೇವರನ್ನು ಬಿಡದೆಯೇ ಇನ್ನೊಬ್ಬರ ಆತ್ಮಸಾಕ್ಷಿಗೆ ಜಾಗ ಕೊಟ್ಟ ಗಾಂಧೀಜಿಯ ಆ ಒಪ್ಪಿಗೆ, ಗೋರಾ ಅವರ ಹಟದಷ್ಟೇ ದೊಡ್ಡದು.

ಮುಂದಿನ ಪೀಳಿಗೆ ಇನ್ನೂ ಕಷ್ಟದ ಕೆಲಸಕ್ಕೆ ಇಳಿಯಿತು. ಗೋರಾ ಅವರ ಮಗ ಲವಣಂ ಮತ್ತು ಸೊಸೆ ಹೇಮಲತಾ, ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ್ದ ಸ್ಟುವರ್ಟ್‌ಪುರಂನ ಜನರ ನಡುವೆ ದುಡಿದರು. ದೇವಿಯ ಹೆಸರಿನಲ್ಲಿ ಬಿಟ್ಟ ಜೋಗಿಣಿಯರಿಗೆ ನಿಜಾಮಾಬಾದ್ ಜಿಲ್ಲೆಯಲ್ಲಿ ಹೊಸ ಬದುಕು ಕಟ್ಟಿಕೊಡಲು ಹೆಣಗಿದರು. ಪುಣ್ಯದ ಲೆಕ್ಕ ಅಲ್ಲಿರಲಿಲ್ಲ. ಎದುರಿಗಿದ್ದವರ ನೋವು ಕಂಡಿತ್ತು, ಅಷ್ಟು ಸಾಕಾಗಿತ್ತು.