ಕಾವೇರಿಯ ತೆಂಕಣ ದಡದಿಂದ: ಕನ್ನಡ ಕಾವ್ಯದಲ್ಲಿ ನದಿ



ಸಮಾವೇಶದ ಅಧ್ಯಕ್ಷ ಭಾಷಣವೆಂದರೆ ನಾಡುನುಡಿಯ ಸಕಲ ಸಮಸ್ಯೆಗಳನ್ನೂ ಒಂದೊಂದು ಮಾತಿನಲ್ಲಿ ಮುಟ್ಟಿ ಹೋಗುವ ವಾಡಿಕೆಯುಂಟು. ಇವತ್ತು ಆ ವಾಡಿಕೆ ಬೇಡ. ನಮ್ಮ ಹಳೆಯ ಸಾಹಿತ್ಯದಲ್ಲಿ ನದಿ ಏನೇನಾಗಿ ಬಂದಿದೆ, ಆ ಸಾಹಿತ್ಯದಲ್ಲಿ ತಮಿಳುನಾಡಿನ ತಾಳವಾಡಿಯ ನಮ್ಮ ಹಳ್ಳಕೊಳ್ಳಗಳ ಪಾಲೆಷ್ಟು ಎಂಬ ಒಂದೇ ವಿಷಯವನ್ನು ಹಿಡಿದು ಮಾತಾಡುತ್ತೇನೆ.

ನಮ್ಮ ಈ ತಾಳಮಲೆಯಲ್ಲಿ ಹೆಸರಾಂತ ನದಿ ಇಲ್ಲ ಎನ್ನುವವರಿದ್ದಾರೆ. ಅವರು ಇಲ್ಲಿನ ನೀರಿನ ದಾರಿಯನ್ನು ಒಮ್ಮೆ ನೋಡಬೇಕು. ಬಣ್ಣಾರಿಯಿಂದ ಇಪ್ಪತ್ತೇಳು ತಿರುವು ಹತ್ತಿದರೆ ದಿಂಬಂ. ಅದು ಘಟ್ಟದ ಅಂಚು. ಅಂಚಿನ ತೆಂಕಣಕ್ಕೆ ಬಿದ್ದ ಮಳೆ ಮೋಯಾರ್ ಮತ್ತು ಭವಾನಿಯ ಕಡೆಗೆ ಇಳಿಯುತ್ತದೆ. ಬಡಗಣಕ್ಕೆ ಬಿದ್ದದ್ದು ಚಿಕ್ಕಹೊಳೆ, ಸುವರ್ಣಾವತಿಗಳ ಪಾತ್ರ ಹಿಡಿದು ರಾಜ್ಯದ ಗಡಿ ದಾಟುತ್ತದೆ, ಅಟ್ಟುಗೂಳಿಪುರದ ಬಳಿಯ ಅವಳಿ ಜಲಾಶಯಗಳನ್ನು ತುಂಬುತ್ತದೆ, ಯಳಂದೂರು ಸೀಮೆ ಹಾದು ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ. ಆಮೇಲೆ ಮೇಕೆದಾಟು, ಹೊಗೇನಕಲ್ಲು, ಮೆಟ್ಟೂರು. ಕೊನೆಗೆ ಭವಾನಿ ಊರಿನ ಕೂಡಲಿನಲ್ಲಿ, ಮೋಯಾರಿನ ನೀರನ್ನು ಹೊತ್ತು ತಂದ ಅದೇ ಭವಾನಿಯನ್ನು ಈ ಕಾವೇರಿ ಕೂಡಿಕೊಳ್ಳುತ್ತದೆ. ಆ ಕೂಡಲು ಇರುವುದು ನಮ್ಮ ಈರೋಡು ಜಿಲ್ಲೆಯಲ್ಲೇ. ಒಂದೇ ಮಲೆಯ ಮೇಲೆ ಬಿದ್ದು ಬೇರೆಯಾದ ನೀರು ಎರಡು ರಾಜ್ಯ ಸುತ್ತಿ ಒಂದೇ ಕಡೆ ಸೇರುವ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಕಾವ್ಯಗಳ ಕಡೆ ಹೊರಳೋಣ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ 9ನೆಯ ಶತಮಾನದ ‘ಕವಿರಾಜಮಾರ್ಗ’. ಅದರಲ್ಲಿ ನದಿ ಬರುವುದು ಎಲ್ಲೆಯಾಗಿ. ಕನ್ನಡನಾಡು ಎಷ್ಟೆಂದು ಹೇಳಬೇಕಾದಾಗ ಶ್ರೀವಿಜಯ ಕಾವೇರಿಯಿಂದ ಗೋದಾವರಿಯವರೆಗೆ ಅಳತೆ ಕೊಟ್ಟ. ಆ ಪದ್ಯ ನಮ್ಮೆಲ್ಲರ ಬಾಯಲ್ಲಿದೆ, ಪ್ರತಿ ನವೆಂಬರಿನಲ್ಲೂ ವೇದಿಕೆ ಹತ್ತುತ್ತದೆ. ಆದರೆ ಆ ಅಳತೆಯನ್ನು ಅಕ್ಷರಶಃ ಹಿಡಿದರೆ ತಾಳವಾಡಿ ಹೊರಗೆ ಬೀಳುತ್ತದೆ. ನಾವಷ್ಟೇ ಅಲ್ಲ, ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ಮಾದಪ್ಪನ ಬೆಟ್ಟ ಎಲ್ಲವೂ ಕಾವೇರಿಯ ತೆಂಕಣ ದಡದವು. ನದಿಯನ್ನು ಗೆರೆ ಮಾಡಿಕೊಂಡ ಪದ್ಯದ ಆಚೆಗೆ ಎಷ್ಟು ಕನ್ನಡ ಹುಟ್ಟಿ ಬೆಳೆದಿದೆ ಎಂಬುದನ್ನು ಇನ್ನೊಂದು ಗಳಿಗೆಯಲ್ಲಿ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಮಹಾಕಾವ್ಯದಲ್ಲಿ ಏನೇನು ವರ್ಣನೆ ಇರಬೇಕೆಂದು ದಂಡಿಯ ‘ಕಾವ್ಯಾದರ್ಶ’ ಪಟ್ಟಿ ಕೊಡುತ್ತದೆ: ಪಟ್ಟಣ, ಕಡಲು, ಬೆಟ್ಟ, ಋತು, ಚಂದ್ರಸೂರ್ಯರ ಉದಯ, ಉದ್ಯಾನ, ಜಲಕ್ರೀಡೆ, ಮದುವೆ, ದಂಡಯಾತ್ರೆ, ಯುದ್ಧ ಹೀಗೆ. ಕಡಲಿಗೆ ಜಾಗವಿದೆ, ನದಿಗೆ ಬೇರೆಯಾಗಿ ಇಲ್ಲ. ಅರಸ ಪರಿವಾರ ಸಮೇತ ನೀರಾಟಕ್ಕೆ ಇಳಿದಾಗ ಮಾತ್ರ ಹೊಳೆಗೆ ಕಾವ್ಯದೊಳಗೆ ಬರಲು ಅಪ್ಪಣೆ. ಆಸ್ಥಾನದ ಕಾವ್ಯಕ್ಕೆ ಬೇಕಾದ ನೀರು ಅಷ್ಟೇ. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವಳು, ಏತ ಹೊಡೆಯುವವನು, ಬಲೆ ಬೀಸುವವನು ಆ ಪಟ್ಟಿಯಲ್ಲಿಲ್ಲ. ಪಂಪ, ರನ್ನರು ಹೊಳೆಗಳ ನಾಡಿನ ಮಹಾಕವಿಗಳು. ಆದರೆ ಪಂಪಭಾರತದಲ್ಲೂ ಗದಾಯುದ್ಧದಲ್ಲೂ ದುರ್ಯೋಧನನ ಕೊನೆಯ ಘಟ್ಟಕ್ಕೆ ಬೇಕಾದದ್ದು ವೈಶಂಪಾಯನ ಸರೋವರ. ಓಡಿಬಂದವನು ಅಡಗುವುದಕ್ಕೆ ನಿಂತ ನೀರೇ ಬೇಕು, ಹರಿಯುವ ನೀರು ಯಾರನ್ನೂ ಬಚ್ಚಿಡುವುದಿಲ್ಲ.

ಪಟ್ಟಿಯಲ್ಲಿ ಜಾಗವಿಲ್ಲದಿದ್ದರೂ ನದಿ ಕಥೆಯ ಬೇರಿನಲ್ಲೇ ಕೂತಿದೆ. ಭಾರತವನ್ನೇ ನೋಡಿ. ಇಡೀ ಕಥೆ ಎರಡು ನದಿಗಳಿಂದ ಹೊರಡುತ್ತದೆ. ಗಂಗೆ ಭೀಷ್ಮನನ್ನು ಕೊಟ್ಟಳು. ಯಮುನೆಯ ಮೇಲೆ ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿ ಸತ್ಯವತಿ ವ್ಯಾಸನನ್ನು ಕೊಟ್ಟಳು. ಮುಂದೆ ಹಸ್ತಿನಾವತಿಯ ರಾಣಿಯಾದಳು. ದೋಣಿ ಹತ್ತಿ ಬಂದ ಋಷಿಗೂ ಬೆಸ್ತರವಳಿಗೂ ನಡುವೆ ಇದ್ದ ದೂರ ದಡದ ಮೇಲೆ ಹೋಗಲಿಲ್ಲ, ದೋಣಿಯಲ್ಲಿ ಹೋಯಿತು. ಸಾವಿರಾರು ವರ್ಷಗಳ ಬಳಿಕ, ಒಂದು ಕಾಲಕ್ಕೆ ಮಿಸಿಸಿಪಿಯಲ್ಲಿ ಹಬೆಹಡಗು ನಡೆಸಿದ್ದ ಮಾರ್ಕ್ ಟ್ವೇನ್ ‘ಹಕಲ್‌ಬರಿ ಫಿನ್’ ಬರೆದಾಗ ಮನೆಬಿಟ್ಟು ಓಡಿದ ಬಿಳಿಯ ಹುಡುಗನನ್ನೂ ತಪ್ಪಿಸಿಕೊಂಡ ಕರಿಯ ಗುಲಾಮನನ್ನೂ ಒಂದೇ ತೆಪ್ಪದಲ್ಲಿ ಕೂರಿಸಿದ. ದಡ ಮುಟ್ಟಿದಾಗಲೆಲ್ಲ ಅವರಿಗೆ ಅಪಾಯ, ನೀರಿನ ಮೇಲಿರುವಷ್ಟು ಹೊತ್ತು ಇಬ್ಬರೂ ಸಮಾನರು. ನಮ್ಮ ಹಳೆಯ ಕಥೆಗೂ ಆ ಕಾದಂಬರಿಗೂ ಸಂಬಂಧವಿಲ್ಲ. ನೀರಿನ ಸ್ವಭಾವ ಮಾತ್ರ ಎರಡರಲ್ಲೂ ಒಂದೇ.

ಕುಮಾರವ್ಯಾಸನಲ್ಲಿ ಒಂದು ಸನ್ನಿವೇಶವಿದೆ. ಯುದ್ಧ ಗಟ್ಟಿಯಾದ ಮೇಲೆ ಕುಂತಿ ಕರ್ಣನನ್ನು ಹುಡುಕಿಕೊಂಡು ಗಂಗೆಯ ದಡಕ್ಕೆ ಬರುತ್ತಾಳೆ. ಅಲ್ಲಿ ಗಂಗೆಯೇ ಹೆಣ್ಣಾಗಿ ಎದ್ದುಬಂದು, ಅಂದು ನನ್ನ ಮಡಿಲಿಗೆ ಬಿಟ್ಟ ಮಗನನ್ನು ಇಗೋ ನಿನಗೆ ಒಪ್ಪಿಸಿದೆ ಎನ್ನುವ ಅರ್ಥದಲ್ಲಿ ಮಾತಾಡಿ ಮರೆಯಾಗುತ್ತಾಳೆ. ಅರಮನೆ, ಕುಲ, ಲೋಕ ಯಾವುದೂ ಆ ಮಗುವನ್ನು ಇಟ್ಟುಕೊಳ್ಳಲಿಲ್ಲ. ಇಡುಗಂಟನ್ನು ಜೋಪಾನ ಮಾಡಿ, ಕೇಳುವವರು ಬಂದಾಗ ಲೆಕ್ಕ ಒಪ್ಪಿಸಿದ್ದು ನದಿ. ನದಿಯನ್ನು ತಾಯಿ ಎನ್ನುವ ಸವಕಲು ಮಾತಿಗಿಂತ ಇದು ಎಷ್ಟೋ ಮೇಲು. ಇಲ್ಲಿ ನದಿ ಸಾಕ್ಷಿ, ನದಿಗೆ ನೆನಪಿದೆ.

ವಚನಕಾರರ ಹೊತ್ತಿಗೆ ನದಿ ಕವಿಯ ರುಜುವೇ ಆಯಿತು. ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಜಾಗದ ದೈವದ ಹೆಸರನ್ನು ಬಸವಣ್ಣ ತನ್ನ ಪ್ರತಿ ವಚನದ ಕೊನೆಗೆ ಇಟ್ಟ. ಎರಡು ನೀರು ಕೂಡುವ ಊರು ಹೀಗೆ ಸಾಹಿತ್ಯದಲ್ಲಿ ನಿಂತದ್ದು ದೊಡ್ಡ ಸಂಗತಿ. ಆದರೆ ಅದೇ ಬಸವಣ್ಣ ಕಂಡಕಂಡ ನೀರಿನಲ್ಲಿ ಮುಳುಗಿ ಪುಣ್ಯ ಎಣಿಸುವವರನ್ನು ಬಿಡಲಿಲ್ಲ. ನದಿಯ ಮೇಲೆ ಪ್ರೀತಿಯಿದ್ದೂ ತೀರ್ಥದ ವ್ಯಾಪಾರವನ್ನು ಒಪ್ಪದೆ ಇರಬಹುದೆಂದು ನಮಗೆ ತೋರಿಸಿಕೊಟ್ಟವನು ಅವನು. ಇವತ್ತು ಕೂಡಲಸಂಗಮಕ್ಕೆ ಹೋದರೆ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಅವನ ಐಕ್ಯಸ್ಥಳ ನೋಡಬೇಕು. ಸುತ್ತ ನೀರು, ನಡುವೆ ಒಣನೆಲ.

ಈಗ ತೆಂಕಣ ದಡಕ್ಕೆ ಬರೋಣ. ನಮ್ಮ ಮಲೆಯ ಮಳೆ ಉಂಡು ಹರಿಯುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆ ಎಂದೇ ಕರೆಯುತ್ತಾರೆ. ಅದರ ದಂಡೆಯ ಯಳಂದೂರಿನವಳು ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು, 17ನೆಯ ಶತಮಾನದ ಕೊನೆಯ ಭಾಗದಲ್ಲಿ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹೆಣ್ಣೆಂದು ಜರೆಯುವವರನ್ನು ನೇರವಾಗಿ ಕೇಳಿದ ಆ ದನಿ ಮೂಡಿದ್ದು ನಮ್ಮ ನೀರು ಕುಡಿದ ಊರಿನಲ್ಲಿ. ‘ರಾಜಶೇಖರ ವಿಳಾಸ’ದ ಷಡಕ್ಷರದೇವನ ಗದ್ದುಗೆ ಇರುವುದೂ ಯಳಂದೂರಿನಲ್ಲೇ. ‘ವಿವೇಕ ಚಿಂತಾಮಣಿ’ಯ ನಿಜಗುಣ ಶಿವಯೋಗಿಯ ಶಂಭುಲಿಂಗನ ಬೆಟ್ಟ ಅಲ್ಲಿಂದ ದೂರವಿಲ್ಲ. ಕಾವೇರಿಯನ್ನು ಎಲ್ಲೆಯೆಂದು ಹಿಡಿದರೆ ಇವರೆಲ್ಲ ಎಲ್ಲೆಯ ಆಚೆಯವರು. ಇವರನ್ನು ಬಿಟ್ಟು ಕನ್ನಡ ಸಾಹಿತ್ಯ ಚರಿತ್ರೆ ಬರೆಯುವ ಧೈರ್ಯ ಯಾರಿಗಿದೆ?

ಕಾವೇರಿಯ ಬಗ್ಗೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಅಲಮೇಲಮ್ಮನದು. ಒಡವೆಗಾಗಿ ಅಟ್ಟಿಬಂದ ಮೈಸೂರು ಅರಸನ ಆಳುಗಳ ಕೈಗೆ ಸಿಗದೆ ಆಕೆ ಮಾಲಂಗಿಯ ಬಳಿ ಹೊಳೆಗೆ ಹಾರಿದಳು. ಹಾರುವ ಮುನ್ನ ತಲಕಾಡಿಗೂ ಮಾಲಂಗಿಗೂ ಅರಸನ ಸಂತಾನಕ್ಕೂ ಶಾಪ ಕೊಟ್ಟಳು. ತಲಕಾಡಿನ ಗುಡಿಗಳನ್ನು ಮುಚ್ಚಿದ ಮರಳು ಕಣ್ಣೆದುರಿಗಿದೆ. ಆ ಮರಳಿಗೆ ಗಾಳಿ, ಹೊಳೆಯ ತಿರುವು, ಕಾಡಿನ ನಾಶ ಎಂದು ಕಾರಣ ಹುಡುಕುವವರಿದ್ದಾರೆ, ಹುಡುಕಬೇಕಾದದ್ದೇ. ಸಾಹಿತ್ಯದ ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೆ. ಅರಮನೆಯ ಕವಿಗಳು ಗೆದ್ದವರ ಕಥೆ ಬರೆದರು. ಸೋತವಳ ಕಥೆಯನ್ನು ಜನ ಹೊಳೆಯ ಜೊತೆ ಸೇರಿಸಿ ನಾನೂರು ವರ್ಷ ಉಳಿಸಿಕೊಂಡರು.

ಇಲ್ಲಿಂದ ಮುಂದಿನ ಮಾತು ನಮ್ಮ ಮನೆಯದೇ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಕೇಳಿ ಬೆಳೆದವರು ಇಲ್ಲಿ ಬಹಳ ಜನ ಇದ್ದೀರಿ. ಕಂಸಾಳೆಯವರ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಗುಡ್ಡಪ್ಪ ಕಥೆ ಎತ್ತಿದರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹುಲಿ ಏರಿದ ಮಾದಪ್ಪ ಎಪ್ಪತ್ತೇಳು ಮಲೆಯನ್ನು ಸುತ್ತುತ್ತಾನೆ. ಆ ಕಾವ್ಯದಲ್ಲಿ ದಂಡಿಯ ಪಟ್ಟಿ ಇಲ್ಲ. ಅಲ್ಲಿ ಕಾವೇರಿ ದಡದ ಆಲಂಬಾಡಿಯ ಜುಂಜೇಗೌಡ ಕುರಿಮಂದೆ ಮೇಯಿಸುತ್ತಾನೆ, ಜೇನು ಬೇಟೆಗೆ ಹೊರಟ ಸೋಲಿಗರ ನೀಲಯ್ಯ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುತ್ತಾನೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಕಪ್ಪಡಿ ಇರುವುದೂ ಕಾವೇರಿ ದಡದಲ್ಲೇ. ಈ ಕಾವ್ಯಗಳಲ್ಲಿ ನದಿ ಎಲ್ಲೆಯಲ್ಲ, ನೀರಾಟದ ಕೊಳವೂ ಅಲ್ಲ. ಮಂದೆಗೆ ನೀರು, ಒಕ್ಕಲಿಗೆ ದಾರಿ, ದೇವರಿಗೆ ದಾಟು. ಪಿ.ಕೆ. ರಾಜಶೇಖರ, ಜೀ.ಶಂ. ಪರಮಶಿವಯ್ಯನವರಂಥವರು ಇಂಥ ಕಾವ್ಯಗಳನ್ನು ಗಾಯಕರ ಬಾಯಿಂದ ಕೇಳಿ ಪುಸ್ತಕಕ್ಕೆ ಇಳಿಸಿದ ಮೇಲೆಯೇ ಓದಿದವರು ಇವನ್ನು ಮಹಾಕಾವ್ಯವೆಂದು ಒಪ್ಪಿದ್ದು. ಹಾಡುವವರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಓದುತ್ತಾರೆ. ಅದನ್ನು ಹೊರೆಯೆಂದು ಮಾತ್ರ ನೋಡುವವರಿಗೆ ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ತೆಗೆದು ಓದಿ ಎನ್ನುತ್ತೇನೆ. ಕಾವೇರಿ ಕಡಲು ಸೇರುವ ಪುಹಾರಿನಲ್ಲಿ ಕಥೆ ಶುರು; ಕೋವಲನೂ ಮಾಧವಿಯೂ ಕಾವೇರಿಯನ್ನು ಹಾಡುತ್ತ ಕೂತ ಹೊತ್ತಿನಲ್ಲೇ ಅವರ ನಡುವೆ ಬಿರುಕು ಬೀಳುತ್ತದೆ. ವೈಗೈ ದಡದ ಮಧುರೆಯಲ್ಲಿ ಅನ್ಯಾಯ ನಡೆಯುತ್ತದೆ. ಒಂದು ನದಿಯ ಹಾಡಿನಿಂದ ಮುರಿದ ಬಾಳು ಇನ್ನೊಂದು ನದಿಯ ದಡದಲ್ಲಿ ಉರಿಯುತ್ತದೆ. ಕೊಡಗಿನಲ್ಲಿ ಹುಟ್ಟಿದ ಕಾವೇರಿಗೆ ಹಳೆಗಾಲದ ಬೆಡಗಿನ ಹಾಡುಗಳನ್ನು ಕಟ್ಟಿದವರು ತಮಿಳರು. ಎರಡೂ ಭಾಷೆ ಬಲ್ಲ ತಾಳವಾಡಿಯ ಹುಡುಗಿಗೆ ಇಡೀ ನದಿಯ ಸಾಹಿತ್ಯ ಸಿಗುತ್ತದೆ. ಬೆಂಗಳೂರಿನವರಿಗೂ ಚೆನ್ನೈಯವರಿಗೂ ಅರ್ಧರ್ಧವೇ ಗತಿ.

ನಮ್ಮ ಕಾಲದಲ್ಲಿ ಕಾವೇರಿಯ ಬಗ್ಗೆ ಹೆಚ್ಚು ಪುಟ ಬರೆದವರು ಕವಿಗಳಲ್ಲ, ವಕೀಲರು. 1892 ಮತ್ತು 1924ರ ಒಪ್ಪಂದಗಳು, 2007ರ ನ್ಯಾಯಮಂಡಳಿ ತೀರ್ಪು, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು. ಕೊನೆಯದರ ಪ್ರಕಾರ ಕರ್ನಾಟಕ ಬಿಳಿಗುಂಡ್ಲುವಿನ ಅಳತೆ ಕೇಂದ್ರದಲ್ಲಿ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಸಬೇಕು. ಆ ಅಳತೆಪಟ್ಟಿಯ ಮುಂದೆ ಹಾದುಹೋಗುವ ನೀರಿನಲ್ಲಿ ತಮಿಳುನಾಡಿನ ತಾಳವಾಡಿಯ ಮೇಲೆ ಬಿದ್ದು, ಕರ್ನಾಟಕ ಸುತ್ತಿ, ಮತ್ತೆ ತಮಿಳುನಾಡಿಗೆ ಹೊರಟ ನೀರೂ ಇದೆ. ಆ ಹನಿ ಯಾವ ರಾಜ್ಯದ್ದು? ಹಕ್ಕಿನ ಲೆಕ್ಕ ಬೇಕು, ರೈತನ ಗದ್ದೆ ಅದರ ಮೇಲೆ ನಿಂತಿದೆ. ಆದರೆ ನೀರಿನ ಜಗಳ ಕಾದಾಗಲೆಲ್ಲ ಮೊದಲು ಬಸ್ಸು ನಿಲ್ಲುವುದು, ಸಂತೆ ಒಡೆಯುವುದು ಗಡಿಯ ಊರುಗಳಲ್ಲಿ. ಆ ಬಿಸಿ ತಗುಲುವ ನಾವು ಎರಡೂ ಕಡೆಯವರಿಗೆ ಹೇಳಬೇಕಾದ ಮಾತೊಂದಿದೆ: ಈ ನದಿಯನ್ನು ಗೆರೆಯಾಗಿ ಓದಬೇಡಿ.

ಇಷ್ಟು ಹೇಳಿದ ಮೇಲೆ ಕೆಲಸದ ಮಾತು. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇಲ್ಲೇ ಉಳಿದೆವು. ಅಂದಿನಿಂದ ನಮ್ಮ ಊರುಗಳ ಹಾಡು, ಕಥೆ ಎರಡು ಸರ್ಕಾರಗಳ ನಡುವೆ ಯಾರ ಕಡತಕ್ಕೂ ಸೇರದೆ ಬಿದ್ದಿವೆ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ನನ್ನ ಬೇಡಿಕೆ: ನಿಮ್ಮ ಕ್ಷೇತ್ರಕಾರ್ಯ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಲ್ಲದಿರಲಿ. ತಮಿಳುನಾಡು ಸರ್ಕಾರಕ್ಕೆ ಬೇಡಿಕೆ: ಇಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಮೇಷ್ಟ್ರುಗಳನ್ನೂ ಹೊತ್ತಿಗೆ ಸರಿಯಾಗಿ ಪುಸ್ತಕಗಳನ್ನೂ ಕೊಡಿ.

ನಮ್ಮವರಿಗೆ ಬೇಡಿಕೆಯಲ್ಲ, ಹೊಣೆ. ಒಂದೊಂದು ಊರಿನ ಶಾಲೆಯೂ ತನ್ನ ಸುತ್ತಿನ ಹಳ್ಳ, ಮಡು, ಊಟೆ, ಕಟ್ಟೆಗಳ ಹೆಸರನ್ನೂ ಆ ಹೆಸರಿಗಂಟಿದ ಕಥೆಯನ್ನೂ ಈ ವರ್ಷವೇ ಬರೆದಿಡಲಿ. ಹುಡುಗರ ಕೈಯಲ್ಲಿ ಮೊಬೈಲ್ ಇದೆ; ಕಂಸಾಳೆಯವರು, ನೀಲಗಾರರು, ಗೊರುಕನ ಹಾಡುವ ಸೋಲಿಗರ ಅಜ್ಜಿಯರು ಹಾಡುವಾಗ ಹೊಳೆ ಬರುವ ಭಾಗ ಬಂದರೆ ಅದನ್ನು ಹಿಡಿದಿಡಿ, ಯಾರು ಹಾಡಿದರು, ಯಾವ ಊರು ಎಂದು ಬರೆದಿಡಿ. ಮುಂದಿನ ಸಮಾವೇಶಕ್ಕೆ ಬರುವಾಗ ಪ್ರತಿ ಊರೂ ತನ್ನ ಬರಹದ ಒಂದು ಪ್ರತಿ ತರಲಿ. ಅದೆಲ್ಲ ಸೇರಿದರೆ ತಾಳಮಲೆಯ ನೀರಿನ ಮೊದಲ ಪುಸ್ತಕ ಆಗುತ್ತದೆ. ಆ ಕೆಲಸವನ್ನು ನಾಳೆಯೇ ಶುರುಮಾಡಿ ಎಂದು ಕೇಳಿಕೊಳ್ಳುತ್ತ ನನ್ನ ಮಾತು ಮುಗಿಸುತ್ತೇನೆ.