ಬೇಡವಾದ ತಂತಿಗಳು

ಹಳೆಯ ಮನೆಯೊಂದನ್ನು ಕೊಳ್ಳುವವರು ಕ್ರಯಪತ್ರದ ಚೆಕ್ಕುಬಂದಿಯನ್ನು ಎರಡೆರಡು ಬಾರಿ ಓದಿಸಿ ಕೇಳುತ್ತಾರೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಿತ್ತಿಲು, ದಕ್ಷಿಣಕ್ಕೆ ಓಣಿ ಎಂದು ನಾಲ್ಕು ದಿಕ್ಕುಗಳೂ ಅಲ್ಲಿ ಇತ್ಯರ್ಥವಾಗಿರುತ್ತವೆ. ನಮ್ಮ ಹಿಂದಿನವರು ಇನ್ನೂ ಜಾಗರೂಕರು. ಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಅಷ್ಟಭೋಗಗಳನ್ನೂ ಎಣಿಸಿ ಕೊಡುತ್ತಿದ್ದರು. ನೆಲದಡಿಯ ಹೊನ್ನಿನಿಂದ ಮುಂದೆ ಬರಬಹುದಾದ ಲಾಭದವರೆಗೆ ಅವರು ಯಾವುದನ್ನೂ ಮರೆಯಲಿಲ್ಲ. ಆದರೆ ತಲೆಯ ಮೇಲೆ ಹಾದುಹೋಗುವ ತಂತಿಯನ್ನು ಅವರು ಕಂಡಿರಲಿಲ್ಲ. ಅದನ್ನು ಕಂಡಿರುವ ನಾವು ಕ್ರಯಪತ್ರದಲ್ಲಿ ಬರೆಯುವುದಿಲ್ಲ. ಬೀಗದ ಕೈ ನಮ್ಮ ಕೈಗೆ ಬಂದು, ಅಂಗಳದಲ್ಲಿ ನಿಂತು ಕತ್ತೆತ್ತಿದಾಗಲೇ ಅದರ ಅರಿವು.

ನಿವೃತ್ತನಾದ ಮೇಲೆ ನಾನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಇಂಥದೊಂದು ಮಾಳಿಗೆ ಮನೆಯನ್ನು ಕೊಂಡೆ. ದಪ್ಪನೆಯ ಮಣ್ಣಿನ ಗೋಡೆ, ಬೇವಿನ ಜಂತಿ, ಪಡಸಾಲೆಗೆ ಬೆಳಕನ್ನು ಇಳಿಸುವ ಗವಾಕ್ಷಿ. ನಮ್ಮ ಬಿಸಿಲಸೀಮೆಗೆ ಹೇಳಿ ಮಾಡಿಸಿದ ಮನೆ. ಅದರ ಮುಂಗೋಡೆಯ ಮೇಲೆ ಬಳ್ಳಿ ಹಬ್ಬಿದಂತೆ ನಾಲ್ಕು ಬಗೆಯ ತಂತಿಗಳು ಹಬ್ಬಿದ್ದವು. ಕಿಟಕಿಯ ಚೌಕಟ್ಟನ್ನು ಕೊರೆದು ಒಳಹೊಕ್ಕ ಹಳೆಯ ದೂರವಾಣಿಯ ತಂತಿ ಒಂದು. ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತ ಬಂದ ಕೇಬಲ್ ಟೀವಿಯ ದಪ್ಪ ತಂತಿ ಇನ್ನೊಂದು. ತುಕ್ಕು ಹಿಡಿದ ಡಿಶ್‌ನಿಂದ ಜೋತುಬಿದ್ದದ್ದು ಮೂರನೆಯದು. ನಾಲ್ಕನೆಯದು ಸಣ್ಣನೆಯ ಕಪ್ಪು ತಂತಿ. ಗೋಡೆಯನ್ನು ಎಲ್ಲಿಯೂ ಹೊಗದೆ, ಅದಕ್ಕೆ ಆತುಕೊಂಡು ಮುಂದೆ ಸಾಗಿತ್ತು.

ಈ ನಾಲ್ಕನ್ನೂ ಒಟ್ಟಿಗೆ ನೋಡಿದರೆ ಹಳ್ಳಿಗೆ ಮಾತು ನಡೆದು ಬಂದ ದಾರಿ ಕಾಣುತ್ತದೆ. ವೀಣೆಗೆ ಬಿಗಿದ ತಂತಿಯ ಹೆಸರೇ ನಮ್ಮಲ್ಲಿ ಟೆಲಿಗ್ರಾಮಿಗೂ ಬಂತು. 'ತಂತಿ ಬಂದಿದೆ' ಎಂದೊಡನೆ ಒಳಮನೆಯಲ್ಲಿ ಅಳು ಕೇಳಿಸುತ್ತಿದ್ದ ಕಾಲವೊಂದಿತ್ತು. ಆ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ದೂರವಾಣಿ ಹಳ್ಳಿಗಳಿಗೆ ಬಹುಕಾಲ ದೂರವಾಗಿಯೇ ಇತ್ತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಧೂಳು ಸೆಕೆಗಳಿಗೆ ಅಂಜದ, ಹವಾನಿಯಂತ್ರಣ ಬೇಡದ ಒಂದು ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲನೆಯದು 1986ರಲ್ಲಿ ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ. ಅನಂತರದ ವರ್ಷಗಳಲ್ಲಿ ಮನೆಮನೆಗೆ ತಾಮ್ರದ ಜೋಡಿ ಎಳೆ ಬಂತು, ಅದರ ಹಿಂದೆ ಕೇಬಲ್ ಬಂತು, ಡಿಶ್ ಬಂತು, ಈಗ ಬೆಳಕಿನಲ್ಲಿ ಮಾತು ಸಾಗಿಸುವ ಗಾಜಿನ ಎಳೆ ಬಂದಿದೆ. ಬಂದವರು ಒಬ್ಬರೂ ಹಿಂದಿನದನ್ನು ಬಿಚ್ಚಿಕೊಂಡು ಹೋಗಲಿಲ್ಲ. ಸಂಪರ್ಕವನ್ನು ಕೊಡುವುದಕ್ಕೆ ಜನ ಬರುತ್ತಾರೆ. ಕಡಿದ ಸಂಪರ್ಕದ ಕಳೇಬರವನ್ನು ಎತ್ತುವುದಕ್ಕೆ ಯಾರೂ ಬರುವುದಿಲ್ಲ.

ಸುಣ್ಣ ಬಳಿಯಲು ಬಂದ ತರುಣ ಗೋಡೆಯನ್ನೊಮ್ಮೆ ನೋಡಿ, "ಎಲ್ಲಾ ಕಟ್ ಮಾಡಿ ಬಿಡ್ಲೇನ್ರಿ ಸರ? ಹತ್ತು ನಿಮಿಷದ ಕೆಲಸ" ಎಂದ. ಸಂಜೆಯವರೆಗೆ ತಡೆಯಲು ಹೇಳಿ, ನಾನು ಒಂದೊಂದು ತಂತಿಯ ಬೆನ್ನು ಹಿಡಿದು ಓಣಿಯಲ್ಲಿ ಹೊರಟೆ. ದೂರವಾಣಿಯ ತಂತಿಯ ಆಚೆ ತುದಿಯಲ್ಲಿ ಕಂಬವೇ ಇರಲಿಲ್ಲ. ಕೇಬಲ್ ತಂತಿ ಮೂರನೆಯ ಮಾಳಿಗೆಯ ಮೇಲೆ ತುಂಡಾಗಿ ಸುರುಳಿ ಬಿದ್ದಿತ್ತು. ಡಿಶ್ ಹಿಂದಿನ ಒಡೆಯರದು. ಬೇಡವೆಂದು ಅವರೇ ಹೇಳಿದರು. ನಾಲ್ಕನೆಯ ತಂತಿ ಮಾತ್ರ ನನ್ನನ್ನು ಎರಡು ಮನೆಗಳಾಚೆಯ ಒಂದು ಬಾಗಿಲಿಗೆ ಕರೆದೊಯ್ದಿತು. ಅಲ್ಲಿ ಒಬ್ಬ ವೃದ್ಧೆ ಮೊಮ್ಮಗಳೊಂದಿಗೆ ಇದ್ದಾರೆ. ಮಗ ಸೊಸೆ ಬೆಂಗಳೂರಿನಲ್ಲಿ ದುಡಿಯುತ್ತಾರೆ. ನಮ್ಮ ಕಡೆಯ ದಪ್ಪ ಗೋಡೆಗಳು ಬಿಸಿಲನ್ನು ತಡೆಯುವಂತೆಯೇ ಮೊಬೈಲಿನ ಅಲೆಗಳನ್ನೂ ತಡೆಯುತ್ತವೆ. ಆದ್ದರಿಂದ ಮಗ ಈ ತಂತಿಯನ್ನು ಹಾಕಿಸಿ ಕೊಟ್ಟಿದ್ದ. ನಾನು ವಿಷಯ ಹೇಳಿದಾಗ ಆಕೆ, "ಗ್ವಾಡಿ ನಿಮ್ದು, ಬ್ಯಾಡ ಅನ್ನಾಕ ನಾವ್ಯಾರ್ರಿ ಸರ? ತಗೀಯೋ ದಿನ ಮಾತ್ರ ಮೊದ್ಲ ಹೇಳ್ರಿ. ರಾತ್ರಿ ಮಗನ ಮಾರಿ ಕಾಣ್ಲಿಲ್ಲಂದ್ರ ಈ ಕೂಸು ಉಣ್ಣಂಗಿಲ್ಲ" ಎಂದರು.

ಹಾಗಾದರೆ ನ್ಯಾಯ ಯಾರ ಕಡೆಗಿದೆ? ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. 1885ರ ಟೆಲಿಗ್ರಾಫ್ ಕಾಯಿದೆಯು ಖಾಸಗಿ ಸ್ವತ್ತಿನ ಮೇಲೆ ತಂತಿಯನ್ನು ಎಳೆಯುವ ಅಧಿಕಾರವನ್ನು ಕೊಟ್ಟಿತು. ಆದರೆ ಅದರ 10ನೆಯ ಕಲಮು, ತಂತಿ ಎಳೆದ ಮಾತ್ರಕ್ಕೆ ಬಳಕೆಯ ಹಕ್ಕು ಬರುತ್ತದೆಯೇ ಹೊರತು ಸ್ವತ್ತಿನಲ್ಲಿ ಬೇರಾವ ಹಕ್ಕೂ ಬರುವುದಿಲ್ಲ ಎಂದು ಸ್ಪಷ್ಟಪಡಿಸಿತು. ಒಡೆಯನು ತನ್ನ ಸ್ವತ್ತನ್ನು ಬೇರೆ ರೀತಿಯಲ್ಲಿ ಬಳಸಬಯಸಿದರೆ ತಂತಿಯನ್ನು ಅತ್ತಿತ್ತ ಸರಿಸಬೇಕೆಂದು, ಮೇಲೆ ಕೆಳಗೆ ಮಾಡಬೇಕೆಂದು ಕೇಳಬಹುದು. ಕೇಳಿಯೂ ಆಗದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು ಎಂದು 17ನೆಯ ಕಲಮು ಹೇಳಿತು. ಈಗ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ದಾರಿಹಕ್ಕಿನ ಕಲಮುಗಳು 2024ರ ಜೂನ್ 26ರಿಂದ ಜಾರಿಯಲ್ಲಿವೆ. ಖಾಸಗಿ ಸ್ವತ್ತಿನಲ್ಲಿ ದಾರಿ ಬೇಕಾದವರು ಒಡೆಯನನ್ನು ಕೇಳಿ ಒಪ್ಪಂದಕ್ಕೆ ಬರಬೇಕೆಂಬುದು ಅದರ ಕ್ರಮ. ಆದರೆ ನಡೆಯುತ್ತಿರುವ ಜಾಲವನ್ನು ತಾನಾಗಿ ಕಡಿದು ಹಾಳುಮಾಡುವುದನ್ನು ಹಳೆಯ ಕಾಯಿದೆಯೂ ಹೊಸ ಕಾಯಿದೆಯೂ ಅಪರಾಧವೆಂದೇ ಎಣಿಸಿವೆ. ತೆಗೆಯಿರಿ ಎಂದು ಕೇಳುವ ಹಕ್ಕು ಒಡೆಯನದು. ಕತ್ತರಿ ಹಿಡಿಯುವ ಕೈ ತಂತಿಯವರದು.

ನಾನು ಆ ಸಂಪರ್ಕವನ್ನು ಕೊಟ್ಟವರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದನ್ನು ಬರೆದು ಸ್ವೀಕೃತಿ ಪಡೆದೆ. ಗೋಡೆಯ ಅರ್ಧಕ್ಕೆ ಸುಣ್ಣವಾಗಿ, ಇನ್ನರ್ಧ ಹಾಗೆಯೇ ಉಳಿದು, ನೋಡಿದವರೆಲ್ಲ ಕಾರಣ ಕೇಳುವಂತಾಯಿತು. ಆರನೆಯ ವಾರದಲ್ಲಿ ಒಬ್ಬ ಹುಡುಗ ಬಂದು ಓಣಿಯ ಕಂಬದಿಂದ ಹೊಸ ಎಳೆಯನ್ನು ನೇರವಾಗಿ ಆ ಮನೆಗೆ ಎಳೆದು, ಜೋಡಿಸಿ, ಅದು ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ನನ್ನ ಗೋಡೆಯ ಮೇಲಿನದನ್ನು ಬಿಚ್ಚಿದ. ಸಂಪರ್ಕ ನಿಂತದ್ದು ಮಧ್ಯಾಹ್ನದ ಒಂದು ತಾಸು ಮಾತ್ರ. ರಾತ್ರಿಯ ಊಟಕ್ಕೆ ಅಡ್ಡಿಯಾಗಲಿಲ್ಲ.

ಸತ್ತ ತಂತಿಗಳನ್ನು ತೆಗೆಯುವುದರಲ್ಲಿಯೂ ಕ್ರಮವಿದೆ. ಸತ್ತಿದೆ ಎಂದು ಕಣ್ಣಿನಿಂದ ನಿರ್ಣಯಿಸಬಾರದು. ದೂರವಾಣಿಯ ತಂತಿಯಲ್ಲಿ ಸುಮಾರು 48 ವೋಲ್ಟುಗಳ ಮಂದ ವಿದ್ಯುತ್ತು ಇರುತ್ತದೆ. ಗಂಟೆ ಬಾರಿಸುವಾಗ ಅದು ಏರಿ ಕೈಗೆ ಜುಮ್ಮೆನ್ನಿಸಬಲ್ಲದು. ಆದರೆ ಅದೇ ರಂಧ್ರದಲ್ಲಿ 230 ವೋಲ್ಟಿನ ದೀಪದ ತಂತಿಯೂ ಹಾದಿರುವುದು ಹಳೆಯ ಮನೆಗಳಲ್ಲಿ ಅಪರೂಪವಲ್ಲ. ಆದ್ದರಿಂದ ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಕೆಲಸ ಬಲ್ಲವನಿಂದ ಪರೀಕ್ಷಿಸಿದ ಮೇಲೆ ಕೈಹಾಕಬೇಕು. ಗೋಡೆಯಿಂದ ನೆಲಕ್ಕಿಳಿದ ಬರಿಯ ತಂತಿ ಕಂಡರೆ ಅದು ಭೂಸಂಪರ್ಕದ್ದಿರಬಹುದು. ಅದು ಮನೆಯ ಪ್ರಾಣರಕ್ಷಕ, ತೆಗೆಯಬಾರದು. ಗಾಜಿನ ಎಳೆ ತುಂಡಾಗಿದ್ದರೆ ಅದರ ತುದಿಗೆ ಕಣ್ಣಿಡಬಾರದು, ಅದರಲ್ಲಿ ಹರಿಯುವ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಕೆಡಿಸೀತು. ಅದರ ಚೂರು ಬೆರಳಿಗೆ ಚುಚ್ಚಿದರೆ ಹುಡುಕಿ ತೆಗೆಯುವುದೂ ಕಷ್ಟ. ಮಣ್ಣಿನ ಗೋಡೆಯಲ್ಲಿ ಹೂತ ತಂತಿಯನ್ನು ಜಗ್ಗಿ ಎಳೆದರೆ ಬೊಗಸೆ ಮಣ್ಣು ಜೊತೆಗೆ ಬರುತ್ತದೆ. ಗೋಡೆಯ ಮಟ್ಟಕ್ಕೆ ಕತ್ತರಿಸಿ ಬಿಡುವುದು ಮೇಲು. ಕೊನೆಯದಾಗಿ, ರಂಧ್ರವನ್ನು ಅಂದೇ ಮುಚ್ಚಬೇಕು. ಮಾಳಿಗೆ ಮನೆಗೆ ಗುಡುಗಿಗಿಂತ ಸಣ್ಣ ರಂಧ್ರದ ಭಯ ಹೆಚ್ಚು. ಅಲ್ಲಿ ಇಳಿದ ನೀರು ಜಂತಿಯನ್ನು ತಿನ್ನುತ್ತದೆ, ಜಂತಿಯ ಹಿಂದೆ ಗೆದ್ದಲು ಬರುತ್ತದೆ.

ಸೂರಿನ ನೀರು ಯಾರ ಅಂಗಳಕ್ಕೆ ಬೀಳಬೇಕು, ಹಿತ್ತಿಲ ದಾರಿಯಲ್ಲಿ ಯಾರು ನಡೆಯಬೇಕು ಎಂಬ ತಕರಾರುಗಳು ನಮಗೆ ಹೊಸವಲ್ಲ. ನಮ್ಮ ಈ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತಾಗಿ, 1882ರ ಅನುಭೋಗ ಹಕ್ಕಿನ ಕಾಯಿದೆಯಡಿ ಅಂಥ ವ್ಯಾಜ್ಯಗಳಿಗೆ ಹಿಂದಿನಿಂದಲೂ ಕೋರ್ಟು ಇತ್ತು. ಆದರೂ ಅವುಗಳಲ್ಲಿ ಬಹುಪಾಲು ತೀರ್ಮಾನವಾದದ್ದು ಕಟ್ಟೆಯ ಮೇಲೆ ಕುಳಿತು ಆಡಿದ ಮಾತಿನಿಂದ. ಕಾರಣ ಸರಳ. ನೀರು ಎಲ್ಲಿ ಬೀಳುತ್ತದೆ, ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಎರಡೂ ಕಡೆಯವರ ಕಣ್ಣಿಗೆ ಕಾಣುತ್ತಿತ್ತು. ತಂತಿಯ ವಿಷಯ ಹಾಗಲ್ಲ. ಅದರಲ್ಲಿ ಏನು ಹರಿಯುತ್ತಿದೆ, ಯಾರಿಗಾಗಿ ಹರಿಯುತ್ತಿದೆ ಎಂಬುದು ಕೆಳಗೆ ನಿಂತವನಿಗೆ ಕಾಣುವುದಿಲ್ಲ. ನೋಟಕ್ಕೆ ಎಲ್ಲವೂ ಕಸವೇ. ಕೇಳಿದಾಗ ಮಾತ್ರ ಒಂದು ಕಸ, ಇನ್ನೊಂದು ಒಂದು ಮನೆಯ ಮಾತು ಎಂದು ತಿಳಿಯುತ್ತದೆ.

ಆದ್ದರಿಂದ ಹಳೆಯ ಮನೆ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಕ್ರಯಪತ್ರ ಆಗುವ ಮುನ್ನವೇ ಕತ್ತೆತ್ತಿ ನೋಡಿರಿ, ತಂತಿಗಳನ್ನು ಎಣಿಸಿರಿ, ಯಾವುದು ಯಾರದೆಂದು ಮಾರುವವರಿಂದ ಬರೆಸಿಕೊಳ್ಳಿರಿ. ಸತ್ತದ್ದನ್ನು ಸಂಕೋಚವಿಲ್ಲದೆ ತೆಗೆಸಿರಿ. ಬದುಕಿರುವುದು ನಿಮಗೆ ಬೇಡವಾಗಿದ್ದರೆ ಅದಕ್ಕೆ ಬೇರೆ ದಾರಿಯಾಗುವವರೆಗೆ ಕೆಲವು ವಾರ ಗೋಡೆಯನ್ನು ಎರವಲು ಕೊಡಿರಿ.