ತಟ್ಟೆಯಲ್ಲಿ ಇದ್ದದ್ದು, ಇಲ್ಲದ್ದು



ನಾವು ದಿನವೂ ಉಣ್ಣುವ ಊಟದ ಬಗ್ಗೆ ಇಂದು ಮಾತನಾಡಬೇಕಾಗಿದೆ. ಅದಕ್ಕೆ ಮೊದಲು ಒಂದು ಹನಿ ರಕ್ತದ ವಿಷಯ ಹೇಳುತ್ತೇನೆ.

1999ರಲ್ಲಿ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಕಾಲೇಜಿನಲ್ಲಿ ರಕ್ತದಾನ ಶಿಬಿರ ಏರ್ಪಾಡಾಗಿತ್ತು. ಗೆಳತಿಯರೆಲ್ಲ ಉತ್ಸಾಹದಿಂದ ಸಾಲಿನಲ್ಲಿ ನಿಂತೆವು. ಮೇಜಿನ ಮೇಲೆ ಗಾಜಿನ ಲೋಟವೊಂದರಲ್ಲಿ ನೀಲಿ ದ್ರಾವಣವಿತ್ತು. ಅದು ಮೈಲುತುತ್ತದ ದ್ರಾವಣ. ಅಡಿಕೆಗೆ, ದ್ರಾಕ್ಷಿಗೆ ಔಷಧಿ ಹೊಡೆಯುವ ಮನೆಗಳ ಮಕ್ಕಳಿಗೆ ಪರಿಚಯವಿರುವ ವಸ್ತುವೇ. ಅದರ ಸಾಪೇಕ್ಷ ಸಾಂದ್ರತೆಯನ್ನು 1.053 ಇರುವಂತೆ ಹದ ಮಾಡಿರುತ್ತಾರೆ. ಬೆರಳಿನಿಂದ ತೆಗೆದ ರಕ್ತದ ಹನಿಯನ್ನು ಅದರಲ್ಲಿ ಬಿಟ್ಟರೆ, 100 ಮಿಲಿಲೀಟರ್ ರಕ್ತಕ್ಕೆ 12.5 ಗ್ರಾಂ ಹಿಮೋಗ್ಲೋಬಿನ್ ಇದ್ದಾಗ ಹನಿ ನೇರವಾಗಿ ತಳಕ್ಕೆ ಇಳಿಯುತ್ತದೆ. ಕಡಿಮೆ ಇದ್ದರೆ ತೇಲುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದೆ. ಆ ದಿನ ಅದೇ ತತ್ತ್ವ ನನ್ನನ್ನು ಸಾಲಿನಿಂದ ಹೊರಗೆ ಕಳಿಸಿತು. ನನ್ನ ಹನಿ ತೇಲಿತು.

ಅಲ್ಲಿದ್ದ ವೈದ್ಯರು ಹಿರಿಯ ಹೆಂಗಸು. ಪಕ್ಕಕ್ಕೆ ಕರೆದು, "ದಿನಾ ಏನು ತಿಂತೀಯಮ್ಮ?" ಎಂದರು. ನಾನು ಹೆಮ್ಮೆಯಿಂದಲೇ ಪಟ್ಟಿ ಒಪ್ಪಿಸಿದೆ. ಬೆಳಿಗ್ಗೆ ಕಾಲೇಜಿನ ಎದುರು ಹೋಟೆಲಿನಲ್ಲಿ ಸೆಟ್ ದೋಸೆ, ಮಧ್ಯಾಹ್ನ ಹಾಸ್ಟೆಲಿನ ಅನ್ನ ಮತ್ತು ತಿಳಿಸಾರು ಇಲ್ಲವೇ ಚಿತ್ರಾನ್ನ, ಸಂಜೆ ಬೋಂಡ, ಇವೆಲ್ಲದರ ಜೊತೆಗೂ ಒಂದೊಂದು ಲೋಟ ಟೀ.

"ಸೊಪ್ಪು?"

"ಹಾಸ್ಟೆಲಿನಲ್ಲಿ ಮಾಡಲ್ಲ ಮೇಡಂ."

"ಊರಲ್ಲಿ?"

"ಊರಲ್ಲಿ ದಿನಾ ಇರುತ್ತೆ."

ಅವರು ಹೆಚ್ಚು ಮಾತಾಡಲಿಲ್ಲ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಊರಲ್ಲಿ ತಟ್ಟೆಯಲ್ಲಿ ಏನಿತ್ತು, ಇಲ್ಲಿ ಏನಿಲ್ಲ, ಕೂತು ಬರಿ. ವಿಜ್ಞಾನದ ವಿದ್ಯಾರ್ಥಿ ತಾನೆ ನೀನು?" ಎಂದರು.

ಆ ಪಟ್ಟಿಯನ್ನು ನಾನು ನಿಜಕ್ಕೂ ಬರೆದೆ. ಇಂದಿನ ಮಾತಿನ ಬಹುಪಾಲು ಆ ಪಟ್ಟಿಯೇ.

ನಮ್ಮದು ರಾಗಿಯ ಸೀಮೆ. ಮನೆಯ ತಟ್ಟೆಯಲ್ಲಿ ಮೊದಲು ಬೀಳುತ್ತಿದ್ದದ್ದು ಮುದ್ದೆ. ಪಟ್ಟಣಕ್ಕೆ ಬಂದ ಹೊಸದರಲ್ಲಿ ಮುದ್ದೆ ಉಣ್ಣುವವಳೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಈಗ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದಂಶವಿರುತ್ತದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಸಿಗುವುದು ಕಷ್ಟ. ರಾಗಿ ಬೇಗ ಹುಳು ಹಿಡಿಯುವ ಧಾನ್ಯವೂ ಅಲ್ಲ; ನೆಲದಲ್ಲಿ ತೋಡಿದ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಬರಗಾಲಕ್ಕೆ ಅದೇ ಆಧಾರ.

ಈ ರಾಗಿಯ ಹಿಂದೆ ಒಬ್ಬ ವಿಜ್ಞಾನಿಯ ದುಡಿಮೆಯೂ ಇದೆ. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣದು. ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ಅದರಿಂದಾಗಿಯೇ ಬಹಳ ತಾಳ್ಮೆಯ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ಬೆಳೆಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳು ಸೇರಿ ಅವು 'ಇಂಡಾಫ್' ಆದವು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಪಟ್ಟಣದ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ರಾಗಿ ಲಡ್ಡುಗಳೆಲ್ಲ ಬಂದವು. ಮುದ್ದೆ ಮಾತ್ರ ಮೊದಲಿನಿಂದಲೂ ಇದ್ದಲ್ಲೇ ಇತ್ತು.

ಆದರೆ ಮುದ್ದೆಯೊಂದೇ ಊಟವಲ್ಲ. ನನ್ನ ಪಟ್ಟಿಯಲ್ಲಿ ಅದರ ಪಕ್ಕದಲ್ಲಿದ್ದದ್ದು ಬಸ್ಸಾರು. ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹುರುಳಿಕಾಳು, ಅಲಸಂದೆ ಅಥವಾ ಅವರೆಕಾಳಿನ ಜೊತೆ ಬೇಯಿಸಿ, ನೀರನ್ನು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು; ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಚೆಲ್ಲಿದರೆ ಅವೂ ಚೆಲ್ಲಿಹೋಗುತ್ತವೆ. ಬಸ್ಸಾರಿನಲ್ಲಿ ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಅಮ್ಮನಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಚೆಲ್ಲುವುದು ದಂಡವೆಂಬುದು ಗೊತ್ತಿತ್ತು.

ಕಾಳು ಅಲ್ಲಿ ಇರುವುದಕ್ಕೂ ಕಾರಣವುಂಟು. ಪ್ರೊಟೀನು ಎಂಬುದು ಅಮೈನೋ ಆಮ್ಲಗಳ ಸರಪಳಿ. ಅಕ್ಕಿ, ಗೋಧಿ, ಜೋಳ, ರಾಗಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ, ಆದರೆ ಮೀಥಿಯೊನಿನ್ ಕಡಿಮೆ. ಧಾನ್ಯದಲ್ಲಿ ಅದಿದೆ. ಎರಡೂ ಒಂದೇ ದಿನದ ಊಟದಲ್ಲಿ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಯಲುಸೀಮೆಯ ಮುದ್ದೆ ಬಸ್ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿ ಜುಣಕ, ಮೈಸೂರಿನ ಬಿಸಿಬೇಳೆ ಭಾತು, ಎಲ್ಲೆಡೆಯ ಇಡ್ಲಿ ಸಾಂಬಾರು, ಇವೆಲ್ಲದರಲ್ಲೂ ಈ ಜೋಡಿಯನ್ನು ನೀವು ಗುರುತಿಸಬಹುದು.

ಜೋಳದ ರೊಟ್ಟಿಯ ಮಾತು ಬಂದದ್ದಕ್ಕೆ ಒಂದು ವಿಷಯ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟುವ ಪ್ರೊಟೀನು ಇರುವುದರಿಂದ ಹಿಟ್ಟು ಎಳೆದಂತೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಹಾಗಾಗಿ ಕುದಿಯುವ ನೀರು ಹಾಕಿ ನಾದುತ್ತಾರೆ. ಬಿಸಿಗೆ ಪಿಷ್ಟ ನೀರು ಹೀರಿ ಅಂಟಾಗುತ್ತದೆ. ಆಮೇಲೆ ಎರಡೂ ಕೈಯಲ್ಲಿ ಬಡಿಯುತ್ತಾರೆ. ಧಾರವಾಡದ ಖಾನಾವಳಿಯೊಂದರಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ, ನಮ್ಮ ಧ್ವನಿಗ್ರಾಹಕರು ಆ ಬಡಿತದ ಸದ್ದನ್ನೇ ಹತ್ತು ನಿಮಿಷ ಹಿಡಿದುಕೊಂಡರು. ಅಷ್ಟು ಹೊತ್ತಿಗೆ ನಾವು ಉಳಿದವರು ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರುಗಳೊಂದಿಗೆ ನಮ್ಮ ಕೆಲಸ ಮುಗಿಸಿದ್ದೆವು.

ಇನ್ನು ಹೋಟೆಲಿಗೆ ಬರೋಣ. ಹೋಟೆಲಿನ ತಿಂಡಿಯೆಲ್ಲ ಕೆಟ್ಟದ್ದೆಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಇಡ್ಲಿಯನ್ನೇ ತೆಗೆದುಕೊಳ್ಳಿ. ಒಮ್ಮೆ ಕಾರ್ಯಕ್ರಮವೊಂದಕ್ಕಾಗಿ ರಾತ್ರಿಯಿಡೀ ಇಡ್ಲಿ ಹಿಟ್ಟಿನ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟೆವು. ಚಳಿಗಾಲವೆಂಬುದನ್ನು ಮರೆತಿದ್ದೆವು. ಬೆಳಗಿನ ಆರಕ್ಕೂ ಹಿಟ್ಟು ಮಿಸುಕಿರಲಿಲ್ಲ. ಮರುದಿನ ಪಾತ್ರೆಯನ್ನು ದೀಪಗಳ ಹತ್ತಿರ ಸರಿಸಿ, ಬೆಚ್ಚಗಿಟ್ಟ ಮೇಲೆ ಅದು ಉಬ್ಬಿತು.

ಉಬ್ಬಿಸುವುದು ಹಿಟ್ಟಿನಲ್ಲೇ ಇರುವ ಬ್ಯಾಕ್ಟೀರಿಯಗಳು. ಮುಖ್ಯವಾದುದರ ಹೆಸರು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಉದ್ದಿನಬೇಳೆ, ಅಕ್ಕಿಗಳ ಮೇಲೆ ಅದು ತಾನಾಗಿಯೇ ಇರುತ್ತದೆ, ಹೊರಗಿನಿಂದ ಹಾಕಬೇಕಿಲ್ಲ. ಹಿಟ್ಟಿನಲ್ಲಿರುವ ಸಕ್ಕರೆಯನ್ನು ಅದು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಅನಿಲ ಹಾರಿಹೋಗದಂತೆ ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಅದರ ಪ್ರೊಟೀನು. ಬರೀ ಅಕ್ಕಿ ಹಿಟ್ಟಿಗೆ ಆ ಶಕ್ತಿಯಿಲ್ಲ. ಆವಿ ತಣ್ಣನೆಯ ಹಿಟ್ಟಿಗೆ ತಗುಲಿ ನೀರಾಗುವಾಗ ಪ್ರತಿ ಗ್ರಾಮಿಗೂ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಎಣ್ಣೆಯ ಹನಿಯೂ ಇಲ್ಲದೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಇಡ್ಲಿ ಬೇಯುವ ಗುಟ್ಟು ಇದೇ.

'ಇಡ್ಡಲಿಗೆ' ಎಂಬ ಮಾತು ಹತ್ತನೆಯ ಶತಮಾನದ್ದೆಂದು ಹೇಳುವ ವಡ್ಡಾರಾಧನೆಯಲ್ಲಿ ಬರುತ್ತದೆ. ಆದರೆ ಅದು ಇಂದಿನ ಇಡ್ಲಿಯೆಂದು ತಿಳಿಯಬೇಡಿ. ಹನ್ನೊಂದನೆಯ ಶತಮಾನದ ಲೋಕೋಪಕಾರ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವನ್ನು ಹೇಳುತ್ತದೆ. ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯನವರು ಇಂಥ ಹಳೆಯ ವಿವರಗಳಲ್ಲಿ ಅಕ್ಕಿಯಿಲ್ಲ, ದೀರ್ಘ ಹುದುಗಿಲ್ಲ, ಆವಿಯಲ್ಲಿ ಬೇಯಿಸುವ ಮಾತೂ ಇಲ್ಲವೆಂದು ಎತ್ತಿ ತೋರಿಸಿದರು. ಹೆಸರು ಹಳೆಯದು, ಅಡುಗೆ ಬದಲಾಗುತ್ತ ಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಕ್ಕಿಗೆ ತತ್ವಾರವಾದಾಗ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಕ್ಕೆ ಕಾಯುವಂತಿಲ್ಲ. ಮೊಸರಿನ ಆಮ್ಲ ಮತ್ತು ಅಡುಗೆ ಸೋಡಾ ಕೂಡಿ ಅದೇ ಅನಿಲವನ್ನು ಕೂಡಲೇ ಕೊಡುತ್ತವೆ.

ಆ ಹೋಟೆಲು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ ಎಂದಿತ್ತು. ಆ ಕಾಲದ ಹಲವು ಹೋಟೆಲುಗಳ ಹೆಸರಿನಲ್ಲಿ ಜಾತಿ ಇರುತ್ತಿತ್ತು. ಎಷ್ಟೋ ಊರುಗಳ ಹೋಟೆಲುಗಳಲ್ಲಿ ಕೂರುವ ಜಾಗ, ಕುಡಿಯುವ ಲೋಟಗಳೂ ಜಾತಿಯ ಪ್ರಕಾರ ಬೇರೆ ಬೇರೆಯಾಗಿದ್ದವು. ನಮ್ಮ ಸಂವಿಧಾನದ 15ನೆಯ ವಿಧಿ ಜಾತಿಯ ಕಾರಣಕ್ಕೆ ಪ್ರವೇಶ ತಡೆಯಬಾರದ ಸ್ಥಳಗಳನ್ನು ಹೇಳುವಾಗ ಅಂಗಡಿಗಳನ್ನೂ ಹೋಟೆಲುಗಳನ್ನೂ ಹೆಸರಿಸಿಯೇ ಹೇಳಿದ್ದು ಸುಮ್ಮನೆ ಅಲ್ಲ. ಇಂದು ನೀವು ದರ್ಶಿನಿಯಲ್ಲಿ ಯಾರ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದೀರೆಂದು ಕೇಳುವವರಿಲ್ಲ. ದೋಸೆಯ ರುಚಿಯ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದ್ಯಾರ್ಥಿಗಳಿಗೆಂದೇ ಹೆಸರಾದ ಹೋಟೆಲೂ ಉಂಟು: ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರದ್ದು. ಈಗ ಅಲ್ಲಿ ವಿದ್ಯಾರ್ಥಿಗಳಿಗಿಂತ ನಿವೃತ್ತರೇ ಹೆಚ್ಚು ಕಾಣುತ್ತಾರೆ.

ಹಾಗಾದರೆ ನನ್ನ ರಕ್ತದ ಹನಿ ಏಕೆ ತೇಲಿತು? ದೋಸೆಯ ತಪ್ಪಲ್ಲ. ಮೂರು ಹೊತ್ತೂ ಅಕ್ಕಿ, ಎಣ್ಣೆ, ಆಲೂಗಡ್ಡೆಗಳೇ ಆದದ್ದು ತಪ್ಪು. ತಿಂಡಿಯ ಹೋಟೆಲಿನಲ್ಲಿ ಸೊಪ್ಪು ಸಿಗುವುದು ಅಪರೂಪ, ಅದಕ್ಕೆ ಕಾರಣವೂ ಸರಳ. ಸೊಪ್ಪು ಸಂಜೆಗೆ ಬಾಡುತ್ತದೆ. ಬಿಡಿಸಿ, ಮಣ್ಣು ಹೋಗುವವರೆಗೆ ಮೂರು ನಾಲ್ಕು ಸಲ ತೊಳೆಯಬೇಕು. ಆ ಕೂಲಿಯನ್ನು ತಿಂಡಿಯ ಬೆಲೆಗೆ ಸೇರಿಸಿದರೆ ಗಿರಾಕಿ ಬರುವುದಿಲ್ಲ. ಮನೆಯಲ್ಲಿ ಆ ಕೂಲಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಏಕೆಂದರೆ ಅದನ್ನು ಮಾಡುವವಳು ಅಮ್ಮ. ಮನೆಯೂಟದ ಗುಣಗಾನ ಮಾಡುವ ಗಂಡುಮಕ್ಕಳು ವಾರಕ್ಕೆರಡು ದಿನ ಸೊಪ್ಪು ಬಿಡಿಸಿಕೊಟ್ಟರೆ ಗುಣಗಾನಕ್ಕೆ ಅರ್ಥ ಬರುತ್ತದೆ.

ಇನ್ನೊಂದು ಮಾತು. ಆ ಸೊಪ್ಪು ಬಿಡಿಸಿದವಳೇ ಎಷ್ಟೋ ಮನೆಗಳಲ್ಲಿ ಕೊನೆಗೆ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ ಮುಗಿದು ಸಾರಿನ ತಿಳಿ ಉಳಿದಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ವಯಸ್ಸಿನ, ಅಂದರೆ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59, ಹುಡುಗರಲ್ಲಿ 31. ಹುಡುಗಿಯರಿಗೆ ತಿಂಗಳ ಮುಟ್ಟಿನಲ್ಲಿ ಕಬ್ಬಿಣಾಂಶ ಹೋಗುತ್ತಲೇ ಇರುತ್ತದೆ, ಅದನ್ನು ತುಂಬಿಕೊಳ್ಳಬೇಕು. ಬೇಗ ಸುಸ್ತಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು, ಇವನ್ನು ಸೋಮಾರಿತನವೆಂದು ಬೈಯುವುದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತಹೀನತೆ ಬಂದ ಮೇಲೆ ಊಟವೊಂದರಿಂದ ವಾಸಿಯಾಗುವುದಿಲ್ಲ, ವೈದ್ಯರು ಕೊಟ್ಟ ಮಾತ್ರೆಯನ್ನೂ ನುಂಗಬೇಕು. ನನಗೂ ತಿಂಗಳುಗಟ್ಟಲೆ ಬೇಕಾಯಿತು.

ತಿಂದ ಕಬ್ಬಿಣಾಂಶವೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಸೊಪ್ಪು, ಕಾಳು, ರಾಗಿಗಳಲ್ಲಿರುವುದರ ಸ್ವಲ್ಪ ಭಾಗವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಮಾಂಸ, ಮೀನಿನದ್ದು ಅದಕ್ಕಿಂತ ಸುಲಭ. ಮಿಲಿಟರಿ ಹೋಟೆಲಿನ ಮುದ್ದೆ, ಮಟನ್ ಸಾರು ಉಣ್ಣುವವರಿಗೆ ಆ ಅನುಕೂಲವಿದೆ. ಉಳಿದವರಿಗೆ ನಿಂಬೆಹಣ್ಣು. ಅದರ ಸಿ ಜೀವಸತ್ವ ಕಬ್ಬಿಣಾಂಶ ಕರುಳಿನಲ್ಲಿ ಸೇರಲು ನೆರವಾಗುತ್ತದೆ. ಬಿಸಿಗೆ ಸಿ ಜೀವಸತ್ವ ಹಾಳಾಗುವುದರಿಂದ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು; ಕೋಸಂಬರಿಗಾದರೆ ಒಲೆಯ ಗೊಡವೆಯೇ ಇಲ್ಲ. ಕಾಳನ್ನು ಮೊಳಕೆ ಕಟ್ಟಿಸಿದರೆ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಟೀ, ಕಾಫಿಗಳು ಇದಕ್ಕೆ ತದ್ವಿರುದ್ಧ. ಅವುಗಳಲ್ಲಿರುವ ಟ್ಯಾನಿನ್ನಿನಂಥ ಪದಾರ್ಥಗಳು ಕಬ್ಬಿಣಾಂಶಕ್ಕೆ ಗಂಟು ಬಿದ್ದು ಅದನ್ನು ಹೀರಲು ಬಿಡುವುದಿಲ್ಲ. ಪ್ರತಿ ತಿಂಡಿಯ ಜೊತೆಗೂ ಒಂದು ಲೋಟ ಟೀ ಎಂಬ ನನ್ನ ಪಟ್ಟಿ ನೆನಪಿರಬಹುದು.

ಹಾಸ್ಟೆಲಿನಲ್ಲಿ ನಾವು ಎಂಟು ಮಂದಿ ಸೇರಿ ವಾರ್ಡನ್ನರಿಗೆ ಅರ್ಜಿ ಬರೆದೆವು. ಸೊಪ್ಪು ಬಿಡಿಸುವವರಿಲ್ಲವೆಂದರು. ನಾವೇ ಬಿಡಿಸುತ್ತೇವೆಂದೆವು. ಹೀಗೆ ಮಂಗಳವಾರ, ಶುಕ್ರವಾರ ಸಂಜೆ ಹಾಸ್ಟೆಲಿನ ಜಗಲಿಯ ಮೇಲೆ ಪತ್ರಿಕೆ ಹಾಸಿಕೊಂಡು ಕೂತೆವು. ಅಡುಗೆಯ ಭಟ್ಟರು ಮೊದಮೊದಲು ಗೊಣಗಿ ಆಮೇಲೆ ತಾವೇ ಹುರುಳಿಕಾಳು ನೆನೆಹಾಕತೊಡಗಿದರು.

ಮರುವರ್ಷ ಮತ್ತೆ ಶಿಬಿರ ನಡೆಯಿತು. ಅದೇ ನೀಲಿ ದ್ರಾವಣ. ಹನಿ ಬಿದ್ದು, ಒಂದು ಕ್ಷಣ ಅನುಮಾನಿಸಿದಂತೆ ನಿಂತು, ನಿಧಾನವಾಗಿ ತಳಕ್ಕೆ ಇಳಿಯಿತು. ರಕ್ತ ಕೊಟ್ಟು ಎದ್ದ ಮೇಲೆ ಕೈಗೆ ಒಂದು ಪೊಟ್ಟಣ ಬಿಸ್ಕತ್ತು, ಒಂದು ಲೋಟ ಬಿಸಿ ಕಾಫಿ ಕೊಟ್ಟರು. ಬಿಸ್ಕತ್ತು ತಿಂದೆ. ಕಾಫಿಯನ್ನು ಸ್ವಲ್ಪ ಹೊತ್ತು ನೋಡಿ, ಪಕ್ಕದ ಗೆಳತಿಗೆ ದಾಟಿಸಿದೆ.